ಕ್ಷಮೆ ಕೇಳಿದ ಹುಂಜ

ಸೊಂಗೆಯಾ
೬ ಜೂನ್ ೧೯೯೪

ನಮ್ಮಜ್ಜನ ಈಟಿಯ ಹೊಳಪು ಕಂಡು ಬಿದಿರುಮೆಳೆಯಲ್ಲಿ ಅವಿತವನ ಮೊಮ್ಮಗ ಅಲಾಯ್ಸ್ ಕಿಕೋಟಿಗೆ,

ನಿನ್ನ ಆರೋಗ್ಯ ವಿಚಾರಿಸುವುದಿಲ್ಲ. ಬಂದರಿನ ಗೋದಾಮಿನಲ್ಲಿ ಕೂತು ಸಂಬಳ ಮೇಯುವವನಿಗೆ ಏನು ಧಾಡಿ? ರಾಷ್ಟ್ರಸೇವೆಯ ಶಿಬಿರದಲ್ಲಿ ನನ್ನ ಪಾಲಿನ ಹುರುಳಿಕಾಳು ಕದ್ದು ತಿಂದು ಬೆಳೆಸಿದ ಹೊಟ್ಟೆ ಈಗಲೂ ನಿನಗಿಂತ ಮುಂದೆ ನಡೆಯುತ್ತಿರಬೇಕು.

ವಿಷಯಕ್ಕೆ ಬರುತ್ತೇನೆ. ಶನಿವಾರದ ಆಟವನ್ನು ನನ್ನ ದರ್ಜಿ ಅಂಗಡಿಯ ಮುಂದೆ ರೇಡಿಯೋ ಇಟ್ಟು ಕೇಳಿದೆವು. ನಮ್ಮ ಚಿರತೆಗಳ ತಂಡ ಚೂಯಿಯ ಸೊಂಗೆಯಾ ಅಭಿಮಾನಿ ಶಾಖೆಯವರೆಲ್ಲ ಹಾಜರು. ತಾಂಗಾದವರು ಒಂದು ಗೋಲು ಮುಂದಿದ್ದರು. ಆಗಲೇ ಕೋಚ್ ಚೆಂಗುಲಾ ನನ್ನ ಸೋದರಳಿಯ ಓಟ್ಮಾರ್ ಗಾಮಾನನ್ನು ಹೊರಗೆ ಕರೆದ. ಈ ವರ್ಷ ತಂಡದ ಅರ್ಧಕ್ಕರ್ಧ ಗೋಲು ಹೊಡೆದವನನ್ನು. ಓಟ್ಮಾರ್ ಅಂಗಿ ಬಿಚ್ಚಿದನಂತೆ, ಉಂಡೆ ಕಟ್ಟಿದನಂತೆ, ಕೋಚ್ ತಲೆಗೆ ಗುರಿಯಿಟ್ಟು ಎಸೆದನಂತೆ. ಆಟ ಮುಗಿದ ಮೇಲೆ ಮೈಕಿನ ಮುಂದೆ ಅವನು ಹೇಳಿದ್ದು ನಿನಗೂ ಕೇಳಿಸಿರಬೇಕು: "ಈ ಮುದುಕನ ಅಜ್ಜ ನಮ್ಮಜ್ಜನ ಹಾಸಿಗೆ ಹೊರ್ತಿದ್ದ. ಹಾಸಿಗೆ ಹೊರೋ ವಂಶದವರು ಹೊರಗೆ ಬಾ ಅಂದ್ರೆ ನಾನ್ಯಾಕೆ ಬರ್ಲಿ?" ಚೆಂಗುಲಾ ಬಿಟ್ಟಾನೆಯೇ? "ಅದು ಆಟಗಾರ ಅಲ್ಲ, ಬಿದಿರುಹೆಂಡದ ಗಸಿ ತಿಂದ ಮೇಕೆ. ಸೊಂಗೆಯಾಗೆ ನಡ್ಕೊಂಡು ಹೋಗ್ಲಿ, ದಾರಿ ತುಂಬ ಮೇವಿದೆ."

ಅಂಗಡಿಯ ಮುಂದಿದ್ದವರಲ್ಲಿ ಅರ್ಧ ಜನ ಹೊಟ್ಟೆ ಹಿಡಿದು ನಕ್ಕರು. ಉಳಿದರ್ಧ ನನ್ನ ಮುಖ ನೋಡಿದರು. ನಾನು ನಗುವವರ ಜೊತೆ ನಗಲು ಹೊರಟು ಮಧ್ಯದಲ್ಲೇ ನಿಂತೆ.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ, ನನಗೆ ಧೈರ್ಯ ಬರಲಿ ಎಂದು. ನಾವು ನ್ಗೋನಿ ಕುಲದವರು, ಚೆಂಗುಲಾ ನಿನ್ನ ಹಾಗೆ ಹೆಹೆ ಕುಲದವನು. ನಮ್ಮ ಅಜ್ಜಂದಿರು ಹೊಡೆದಾಡಿ ಹೊಡೆದಾಡಿ ದಣಿದು, ಇನ್ನು ಈಟಿ ಬೇಡ ಬಾಯಿ ಸಾಕು ಎಂದು ಮಾಡಿಕೊಂಡ ಒಪ್ಪಂದದ ಮಕ್ಕಳು ನಾವು, ಗೇಲಿನಂಟರು. ಬೈದರೆ ನಂಟು, ಮುನಿದರೆ ದಂಡ. ಹಾಗಾದರೆ ಇದು ಗೇಲಿ. ಆದರೆ ಬೆವರಿನ ಅಂಗಿ ಎಸೆಯುವುದು ಯಾವ ಗೇಲಿಯಲ್ಲಿದೆ? ಸೋಲುತ್ತಿರುವಾಗ ಗೋಲು ಹೊಡೆಯುವವನನ್ನು ಹೊರಗೆಳೆಯುವುದು ಯಾವ ಗೇಲಿ? ಹಾಗಾದರೆ ಇದು ಜಗಳ.

ನನ್ನ ಸಂಕಟ ನೋಡು. ಇದು ನಿಜವಾದ ಜಗಳವಾದರೆ, ಮನೆಯ ಹಿರಿಯನಾಗಿ ನಾನು ಹೋಗಿ ಕ್ಷಮೆ ಕೇಳಬೇಕು. ಕೇಳದಿದ್ದರೆ ಹುಡುಗನ ಆಟದ ಬಾಳು ಮುಗಿಯಿತು. ಗೇಲಿಯಾದರೆ ನಾನು ತುಟಿ ಬಿಚ್ಚಬಾರದು. ಗೇಲಿಗೆ ಕ್ಷಮೆ ಕೇಳುವುದೆಂದರೆ ನೀವು ನಮಗೆ ಯಾರೂ ಅಲ್ಲ ಎಂದ ಹಾಗೆ. ನೀನು ಅಲ್ಲೇ ಇದ್ದೀಯ. ಕಣ್ಣಿಂದ ನೋಡಿ ಹೇಳು.

ನಮ್ಮವ್ವ ಕ್ರೆಸೆನ್ಸಿಯಾಗೆ ಮಾತ್ರ ಯಾವ ಗೊಂದಲವೂ ಇಲ್ಲ. ಮಗಳು ಸತ್ತ ಮೇಲೆ ಓಟ್ಮಾರನನ್ನು ಎತ್ತಿ ಬೆಳೆಸಿದವಳು ಅವಳೇ ಅಲ್ಲವೇ. ವಿಷಯ ಹೇಳಿದೆ. "ಹೆಹೆ ಮುದುಕ ಬೈದನಾ? ಹಾಗಾದ್ರೆ ಹುಡುಗ ಕ್ಷೇಮ. ಮುದ್ದೆ ತಿರುವು" ಎಂದಳು.

ಶಾಖೆಯ ಹಾಡುಗಾರ ನಾನೇ ಆದ್ದರಿಂದ ಹೊಸ ಹಾಡೂ ಕಟ್ಟಬೇಕಾಗಿದೆ. ಇಷ್ಟು ಆಗಿದೆ:

ಅಂಗಿ ಎಸೆದ ಕಿರಿಯ,
ತಲೆ ಒರೆಸಿದ ಹಿರಿಯ.
ನಗೆಯೋ ಇದು ಹಗೆಯೋ
ಒಬ್ಬನೂ ಇಲ್ಲಿ ಅರಿಯ.

ಮುಂದಿನ ಸಾಲು ನಿನ್ನ ಉತ್ತರ ನೋಡಿಕೊಂಡು.

ನಿನ್ನ ಒಡೆಯ,
ಗಾಲುಸ್ ಮಪುಂಡಾ


ದಾರ್ ಎಸ್ ಸಲಾಮ್
೧೫ ಜೂನ್ ೧೯೯೪

ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವ, ಕನ್ನಡಕ ಹುಡುಕಲು ಹೆಂಡತಿಯನ್ನು ಕೂಗುವ, ನನ್ನ ಮುತ್ತಾತನ ಗುಲಾಮರಲ್ಲಿ ಕಟ್ಟಕಡೆಯವನಾದ ಗಾಲುಸ್‌ಗೆ,

ಹುರುಳಿಕಾಳು ನಾನು ಕದ್ದಿದ್ದಲ್ಲ. ನೀನೇ ಹಾಡು ಕಟ್ಟುವ ಗುಂಗಿನಲ್ಲಿ ತಟ್ಟೆ ಮರೆತು ಹೋಗಿದ್ದೆ. ಹಸಿದವನ ಮುಂದೆ ತಟ್ಟೆ ಮರೆಯುವುದು ದಾನ.

ನಿನ್ನ ಪ್ರಶ್ನೆಯನ್ನು ನೀನೊಬ್ಬನೇ ಕೇಳುತ್ತಿಲ್ಲ. ಕ್ಲಬ್ಬಿನ ಮುಂದೆ ಶೋಮರಿಯ ಕಾಫಿ ಬೆಂಚು ಇದೆಯಲ್ಲ, ಅಲ್ಲಿ ಕಹಿಕಾಫಿಗಿಂತ ಕಹಿಯಾಗಿ ದಿನಾ ವಾದ ನಡೆಯುತ್ತಿದೆ. ಗೇಲಿ ಅನ್ನುವವರು ಬೆಂಚಿನ ಈ ತುದಿಗೆ, ಜಗಳ ಅನ್ನುವವರು ಆ ತುದಿಗೆ. ಒಬ್ಬ ಪತ್ರಿಕೆ ಬಿಡಿಸಿ "ಚಿರತೆ ಬೋನಿನಲ್ಲಿ ಬಿರುಕು" ಎಂದು ಓದುತ್ತಾನೆ. ಇನ್ನೊಬ್ಬ ಬೇರೆ ಪತ್ರಿಕೆ ಬಿಡಿಸಿ "ಬಿರುಕಿಲ್ಲ, ಬರೀ ಬಾಯಿ" ಎಂದು ಓದುತ್ತಾನೆ. ಕರಾವಳಿಯವರಿಗೂ ಗೇಲಿನಂಟು ಹೊಸದಲ್ಲ, ಅವರಿಗೂ ಅವರವರ ನಂಟರಿದ್ದಾರೆ. ಮೈದಾನದಲ್ಲಿ ಅದು ನಡೆಯುತ್ತದೆಯೇ ಎಂಬುದೇ ತಕರಾರು.

ನಾನು ಹೇಳಿದೆ, ಹೆಣದ ಮುಂದೆ ನಡೆಯುವ ಗೇಲಿ ಚೆಂಡಿನ ಮುಂದೆ ಯಾಕೆ ನಡೆಯಬಾರದು? ಶೋಮರಿ ಕೆಟಲಿನ ಕೆಳಗಿನ ಇದ್ದಿಲು ಕೆದಕುತ್ತ, "ಹೆಣ ಸೋಲಲ್ಲ ಕಿಕೋಟಿ. ತಂಡ ಸೋಲುತ್ತೆ" ಎಂದ. ಅಲ್ಲಿಗೆ ನನ್ನ ಕಡೆಯವರಿಬ್ಬರು ಎದ್ದು ಆ ತುದಿಗೆ ಹೋಗಿ ಕೂತರು.

ಮಂಗಳವಾರ ಅಭ್ಯಾಸ ನೋಡಲು ಹೋಗಿದ್ದೆ. ಚೆಂಗುಲಾ ಓಟ್ಮಾರನಿಗೆ ಮೈದಾನ ಸುತ್ತಲು ಹೇಳಿದ. ಸುತ್ತಿದ. ಬಂದು ನಿಂತ. "ಸೊಂಗೆಯಾ ಇನ್ನೂ ಬಂದಿಲ್ಲ, ಓಡು ಮೇಕೆ" ಎಂದ. ಹುಡುಗರೆಲ್ಲ ನಕ್ಕರು. ಓಟ್ಮಾರ್ ನಗಲಿಲ್ಲ. ನಕ್ಕನೇನೋ, ಬೆನ್ನು ನಮ್ಮ ಕಡೆಗಿತ್ತು. ಚೆಂಗುಲಾನ ಮುಖ ನೋಡಿದರೆ ತಿಳಿಯಬಹುದು ಎಂದುಕೊಂಡೆ. ಆ ಮುಖವನ್ನು ದೇವರು ಮಾಡುವಾಗಲೇ ಸಿಟ್ಟಿನದೊಂದೇ ಅಚ್ಚು ಉಳಿದಿತ್ತು ಅನ್ನಿಸುತ್ತದೆ.

ಹಾಗಾಗಿ ನನ್ನ ತೀರ್ಮಾನ ಇದು: ಗೊತ್ತಿಲ್ಲ. ಗೊತ್ತಾಗುವ ತನಕ ನೀನು ಏನನ್ನೂ ಮಾಡಬೇಡ. ಕ್ಷಮೆ ಎಂಬ ಮಾತನ್ನು ಸೂಜಿಪೆಟ್ಟಿಗೆಯೊಳಗಿಟ್ಟು ಬೀಗ ಹಾಕು.

ಹುಡುಗ ಚೆನ್ನಾಗಿದ್ದಾನೆ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ನಮ್ಮ ಮನೆಯಲ್ಲಿ ಈಚೆಗೆ ಹಿಟ್ಟು ಬೇಗ ಮುಗಿಯುತ್ತಿದೆ ಎಂದು ಹೆಂಡತಿ ಗೊಣಗುತ್ತಾಳೆ. ಅದು ಬೇರೆ ವಿಷಯ.

ನಿನ್ನ ಹಾಡು ಕೆಟ್ಟದಾಗಿದೆ. ಬೆಂಚಿನವರು ಆಗಲೇ ಬಾಯಿಪಾಠ ಮಾಡಿದ್ದಾರೆ.

ನಿನ್ನ ನಿಜವಾದ ಒಡೆಯ,
ಅಲಾಯ್ಸ್ ಕಿಕೋಟಿ


ಸೊಂಗೆಯಾ
೨೪ ಜೂನ್ ೧೯೯೪

ಕಳ್ಳ ಕಿಕೋಟಿಗೆ,

ಇವತ್ತು ಇಷ್ಟೇ ಬೈಗುಳ. ಮನಸ್ಸು ಸರಿಯಿಲ್ಲ.

ಭಾನುವಾರ ಚೆಂಗುಲಾ ಮತ್ತೆ ರೇಡಿಯೋದಲ್ಲಿ ಮಾತಾಡಿದ. ಓಟ್ಮಾರನ ಬಗ್ಗೆ ಕೇಳಿದರು. "ಅವನು ತಾಯಿ ಹೊಟ್ಟೆಯಿಂದ ಬರುವಾಗಲೇ ಆಫ್‌ಸೈಡ್. ಆಯಮ್ಮ ಇದ್ದಿದ್ರೆ ಕರೆದು ಕೇಳ್ತಿದ್ದೆ, ಯಾಕಮ್ಮಾ ಬಾವುಟ ಎತ್ತಲಿಲ್ಲ ಅಂತ" ಎಂದ. ನನ್ನ ಕೈಯಲ್ಲಿದ್ದ ಕತ್ತರಿ ಯಾರದೋ ಪ್ಯಾಂಟಿನ ಮಂಡಿಗೆ ಹೋಯಿತು. ಸತ್ತವಳು ನನ್ನ ತಂಗಿ. ಗೇಲಿನಂಟನಿಗೆ ನಮ್ಮ ಸತ್ತವರ ಮೇಲೂ ಹಕ್ಕಿದೆ, ಬಲ್ಲೆ. ಆದರೆ ಆ ಹಕ್ಕು ಹೆಣ ಹೂಳುವ ಗುಂಡಿಯ ಪಕ್ಕ ನಿಂತು ಆಡುವುದಕ್ಕೆ, ಇಡೀ ದೇಶದ ಕಿವಿಗೆ ಹಾಕುವುದಕ್ಕಲ್ಲ. ಅಥವಾ ಅದಕ್ಕೂ ಹೌದೋ? ಚರ್ಚಿನ ಉಪದೇಶಿಯನ್ನು ಕೇಳಿದೆ. ಅವನು ಮೊದಲು ಹೌದು ಎಂದ, ಅಂಗಳ ದಾಟುವಾಗ ಅಲ್ಲ ಎಂದ, ಗೇಟಿನ ಹತ್ತಿರ ತನಗೆ ಫುಟ್‌ಬಾಲ್ ಗೊತ್ತಿಲ್ಲ ಎಂದ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಲ್ಲಿಂದ ಬಂದ ಲಾರಿಯವನು ಹೇಳಿದ, ಓಟ್ಮಾರ್ ಕ್ಲಬ್ಬಿನ ವಸತಿಯಲ್ಲಿಲ್ಲ, ಅಂಗಿ ಎಸೆದ ದಿನವೇ ಪೆಟ್ಟಿಗೆ ಹೊತ್ತು ಹೊರಟುಹೋದನಂತೆ. ಎಲ್ಲಿಗೆ ಎಂದು ಯಾರಿಗೂ ತಿಳಿಯದು. ನೀನು ಚೆನ್ನಾಗಿದ್ದಾನೆ ಎಂದು ಬರೆದೆ. ದೂರದಲ್ಲಿ ಬೆನ್ನು ನೋಡಿ ಬರೆದೆಯೇನು? ಮನೆ ಬಿಟ್ಟ ಹುಡುಗ ಗೇಲಿಗೆ ಬಿಟ್ಟಾನೆಯೇ? ಇದು ಜಗಳ. ನನಗೆ ಇನ್ನು ಅನುಮಾನವಿಲ್ಲ.

ಆದ್ದರಿಂದ ನಿನ್ನ ಮಾತು ಮೀರಿದ್ದೇನೆ. ನಮ್ಮ ಅಂಗಳದ ಬಿಳಿ ಹುಂಜವನ್ನು ಬುಟ್ಟಿಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಿದ್ದೇನೆ. ಅವ್ವನಿಗೆ ಹೇಳಿಲ್ಲ. ಹುಂಜ ಎಲ್ಲಿ ಎಂದಳು, ಬೆಕ್ಕು ಎಂದೆ. ಅದನ್ನು ನೀನು ಚೆಂಗುಲಾನ ಮನೆಗೆ ಒಯ್ಯಬೇಕು. ಇಲ್ಲಿಂದ ಮುಂದಿನದು ಶಾಸ್ತ್ರದ ಮಾತು. ನಾನು ಅಲ್ಲಿದ್ದರೆ ಹೇಗೆ ಆಡುತ್ತಿದ್ದೆನೋ ಹಾಗೆಯೇ ಬರೆಯುತ್ತೇನೆ.

ಮಾನ್ಯ ಅಲಾಯ್ಸ್ ಕಿಕೋಟಿಯವರೇ, ತಾವು ಹೆಹೆ ಕುಲದ ಹಿರಿಯರು. ನಮ್ಮ ಮನೆಯ ಹುಡುಗ ತಮ್ಮ ಕುಲದ ಹಿರಿಯರೊಬ್ಬರ ಮೇಲೆ ಅಂಗಿ ಎಸೆದು, ಆಡಬಾರದ ಮಾತು ಆಡಿದ್ದಾನೆ. ಮಪುಂಡಾ ಮನೆತನದ ಪರವಾಗಿ ತಮ್ಮಲ್ಲಿಯೂ ತಮ್ಮ ಮೂಲಕ ಅವರಲ್ಲಿಯೂ ಕ್ಷಮೆ ಯಾಚಿಸುತ್ತೇನೆ. ಹುಂಜವನ್ನು ಸ್ವೀಕರಿಸಬೇಕು.

ತಮ್ಮ ವಿಧೇಯ,
ಗಾಲುಸ್ ಮಪುಂಡಾ


ದಾರ್ ಎಸ್ ಸಲಾಮ್
೨ ಜುಲೈ ೧೯೯೪

ಗೌರವಾನ್ವಿತ ಗಾಲುಸ್ ಮಪುಂಡಾ ಅವರಿಗೆ,

ತಮ್ಮ ಪತ್ರವೂ ಹುಂಜವೂ ತಲುಪಿದವು.

ತಮ್ಮ ಅಪ್ಪಣೆಯಂತೆ ಮಂಗಳವಾರ ಸಂಜೆ ಚೆಂಗುಲಾ ಅವರ ಮನೆಗೆ ಹೋಗಿ ವಿಷಯ ಅರಿಕೆ ಮಾಡಿಕೊಂಡೆ. ಅವರು ಎದ್ದು ನಿಂತು ಕೇಳಿಸಿಕೊಂಡರು. ನನ್ನನ್ನು ತಾವು ಎಂದು ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿದರು. ಹುಂಜ ಅವರ ಹಿತ್ತಿಲಲ್ಲಿ ಕ್ಷೇಮವಾಗಿದೆ. ಮರುದಿನದಿಂದ ಅವರು ತಮ್ಮ ಅಳಿಯನವರ ಬಗ್ಗೆ ಒಂದೇ ಒಂದು ಕಟುವಾದ ಮಾತು ಆಡಿಲ್ಲವೆಂದು ತಿಳಿದುಬಂದಿದೆ.

ತಮ್ಮ ಅಳಿಯನವರೂ ಆರೋಗ್ಯವಾಗಿದ್ದಾರೆ. ಅವರಿಗೆ ತಲೆಯ ಮೇಲೆ ಸೂರೂ ಹೊತ್ತಿಗೆ ಊಟವೂ ಇದೆ. ತಾವು ಚಿಂತಿಸಬೇಕಾಗಿಲ್ಲ.

ಈ ಇಪ್ಪತ್ತು ವರ್ಷಗಳಲ್ಲಿ ನನ್ನ ಮಾತಿನಿಂದ ತಮ್ಮ ಮನಸ್ಸಿಗೆ ಎಂದಾದರೂ ನೋವಾಗಿದ್ದರೆ ಮನ್ನಿಸಬೇಕಾಗಿ ಪ್ರಾರ್ಥನೆ.

ಇತಿ,
ಅ. ಕಿಕೋಟಿ


ಸೊಂಗೆಯಾ
೧೨ ಜುಲೈ ೧೯೯೪

ಮೀನು ತಿಂದು ಮೆದುವಾದ, ಮೆದುವಾಗಿ ಮರ್ಯಾದೆ ಕಲಿತ ನನ್ನ ಮುದಿ ಗುಲಾಮ ಅಲಾಯ್ಸ್‌ಗೆ,

ನೋಡಿದೆಯಾ? ನಾನು ಹೇಳಿದಂತೆ ಆಯಿತು. ನಿನ್ನ ಪತ್ರವನ್ನು ಶಾಖೆಯ ಎಲ್ಲರಿಗೂ ಓದಿ ಹೇಳಿದೆ. ಎದ್ದು ನಿಂತನಂತೆ, ಕುರ್ಚಿ ಕೊಟ್ಟನಂತೆ, ಬೈಗುಳ ನಿಲ್ಲಿಸಿದನಂತೆ. ಹುಂಜವನ್ನು ಕೊಯ್ಯದೆ ಸಾಕಿಕೊಂಡಿದ್ದಾನೆ ಎಂದರೆ ಎಷ್ಟು ಪ್ರೀತಿ ಇರಬೇಕು. ಕೊಯ್ದು ಹಂಚಿಕೊಂಡು ತಿನ್ನುವುದು ಪದ್ಧತಿ ಎಂದು ನಮ್ಮ ಕಸಾಯಿ ಅಂಗಡಿಯವನು ಗೊಣಗಿದ. ಅವನೂ ನಿಮ್ಮ ಹೆಹೆಯವನೇ. ಮಾಂಸ ಮಾರುವವನಿಗೆ ಬದುಕಿದ ಹುಂಜ ಕಂಡರೆ ಆಗುವುದಿಲ್ಲ ಎಂದು ನಾವೆಲ್ಲ ನಕ್ಕೆವು. ಅವನು ನಗದೆ ಎದ್ದುಹೋದ.

ಹಾಡಿಗೆ ಮುಂದಿನ ಸಾಲೂ ಸಿಕ್ಕಿತು:

ಹುಂಜ ಹೋಯ್ತು ಕೂಗಿ,
ಜಗಳ ಹೋಯ್ತು ನೀಗಿ.

ಒಂದೇ ಚಿಂತೆ. ಕಳೆದೆರಡು ಆಟದಲ್ಲೂ ಓಟ್ಮಾರನ ಹೆಸರಿಲ್ಲ. ತೊಡೆಯ ನೋವು ಎಂದು ರೇಡಿಯೋದವನು ಹೇಳಿದ. ಒಂದು ಬಾಟಲಿ ಎಣ್ಣೆ ಕಳಿಸುತ್ತೇನೆ, ತಿಕ್ಕಿಕೊಳ್ಳಲಿ. ಅವನು ಎಲ್ಲಿದ್ದಾನೆ, ಅದನ್ನು ಮಾತ್ರ ನೀನು ಇನ್ನೂ ಬರೆದಿಲ್ಲ.

ಅವ್ವನಿಗೆ ವಾರದಿಂದ ಜ್ವರ. ಊಟ ಸೇರುತ್ತಿಲ್ಲ. ನಿನ್ನೆ ಮೆಲ್ಲಗೆ ಕೇಳಿದಳು, "ಆ ಹೆಹೆ ಮುದುಕ ಈಗ ಹುಡುಗನಿಗೆ ಏನಂತಾನೆ?" ಖುಷಿಯಾಗಲಿ ಎಂದು, ಈಗ ಬೈಯುವುದೇ ಇಲ್ಲ ಅವ್ವ, ಬಹಳ ಗೌರವದಿಂದ ಮಾತಾಡುತ್ತಾನೆ ಎಂದೆ. ಮೂರು ದಿನದಿಂದ ಏಳಲಾರದವಳು ಮೊಣಕೈ ಊರಿ ಎದ್ದಳು. "ಗೌರವಾನಾ? ಏನ್ ಮಾಡ್ದೆ ನೀನು?" ಎಂದಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದವಳು ನನ್ನ ಜೊತೆ ಮಾತಾಡಿಲ್ಲ. ಜ್ವರದ ತಲೆ.

ಅಂದಹಾಗೆ, ನಿನ್ನ ಹೋದ ಕಾಗದದಲ್ಲಿ ಒಂದೂ ಬೈಗುಳ ಇರಲಿಲ್ಲ. ಹೆಂಡತಿಯ ಕೈಯಲ್ಲಿ ಬರೆಸಿದೆಯಾ?

ನಿನ್ನ ಒಡೆಯ,
ಗಾಲುಸ್


ತಂತಿ
ದಾರ್ ಎಸ್ ಸಲಾಮ್, ೧೯ ಜುಲೈ ೧೯೯೪

ತಮ್ಮ ತಾಯಿಯವರ ನಿಧನಕ್ಕೆ ತೀವ್ರ ಸಂತಾಪ. ಆತ್ಮಕ್ಕೆ ಚಿರಶಾಂತಿ ಕೋರುತ್ತೇವೆ. ಕಿಕೋಟಿ ಕುಟುಂಬ.


ಸೊಂಗೆಯಾ
೩೦ ಜುಲೈ ೧೯೯೪

ಅಲಾಯ್ಸ್,

ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ.

ಅವ್ವ ಹೋದಳೆಂದು ನಾನು ಕೊಟ್ಟ ತಂತಿಗೆ ಉತ್ತರವಾಗಿ ಬಂದ ನಿನ್ನ ತಂತಿಯನ್ನು ಅಂಚೆಯವನು ಅಂಗಳದಲ್ಲಿ ಎಲ್ಲರ ಮುಂದೆ ಓದಿದ. ತೀವ್ರ ಸಂತಾಪ. ನನ್ನ ಅವ್ವ ಸತ್ತಾಗ ಗೇಲಿನಂಟನಿಂದ ಸಂತಾ‍ಪ ಬಂತು. ಅವ್ವ ಸತ್ತದ್ದಕ್ಕೆ ಅಳದ ನಾನು ಆಗ ಅತ್ತೆ. ಜನ ತಾಯಿಗಾಗಿ ಅಳುತ್ತಿದ್ದಾನೆ ಎಂದುಕೊಂಡರು.

ಇನ್ನೂ ಕೇಳು. ನಮ್ಮೂರಿನ ಹೆಹೆಗಳೆಲ್ಲ ಬಂದರು, ಕಸಾಯಿಯವನು, ಜೈಲಿನ ಕಾವಲುಗಾರ, ಮೂವರು ಅಣ್ಣತಮ್ಮ ಬಡಗಿಗಳು. ನಮ್ಮಪ್ಪ ಸತ್ತಾಗ ಇದೇ ಜನ ಗುದ್ದಲಿ ಕಸಿದುಕೊಂಡು ಓಡಿದ್ದರು, ಅಪ್ಪನ ಟೋಪಿ ಹಾಕಿಕೊಂಡು ಅವನ ಹಾಗೆಯೇ ಕೆಮ್ಮಿ ಇಡೀ ಅಂಗಳವನ್ನು ನಗಿಸಿದ್ದರು. ಈ ಸಲ ಒಗೆದ ಅಂಗಿ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತರು. ಒಬ್ಬೊಬ್ಬರಾಗಿ ನನ್ನ ಕೈ ಕುಲುಕಿದರು. "ತಮ್ಮ ದುಃಖದಲ್ಲಿ ನಾವೂ ಭಾಗಿ" ಎಂದರು. ಕಸಾಯಿಯವನ ಕಿವಿಯಲ್ಲಿ ಕೇಳಿದೆ, ಯಾಕಪ್ಪಾ ಹೀಗೆ? ಅವನು ಕಣ್ಣು ತಪ್ಪಿಸಿ ಹೇಳಿದ, "ತಾವು ಹುಂಜ ಕಳಿಸಿ ಲೆಕ್ಕ ಮುಗಿಸಿದ್ರಲ್ಲ. ನಾವೀಗ ಬರೀ ಪರಿಚಯದವರು."

ಅವ್ವ ಗೋಡೆ ಕಡೆ ತಿರುಗಿದ್ದು ಯಾಕೆಂದು ಆಗ ತಿಳಿಯಿತು.

ಓಟ್ಮಾರನಿಗಾಗಿ ಕಾದೆವು. ಎರಡನೆಯ ದಿನ ಬಸ್ಸು ಬಂತು. ಮೊದಲು ಹುಡುಗ ಇಳಿದ. ಅವನ ಹಿಂದೆ ಚೆಂಗುಲಾ ಇಳಿದ. ಕಂಕುಳಲ್ಲಿ ನಮ್ಮ ಬಿಳಿ ಹುಂಜ.

ಯಾರಿಗೂ ನಮಸ್ಕಾರ ಹೇಳಲಿಲ್ಲ. ಜನರನ್ನು ಸೀಳಿಕೊಂಡು ಗುಂಡಿಯ ಹತ್ತಿರ ಹೋದ, ಬೂಟು ಬಿಚ್ಚಿದ, ಹುಂಜದ ಸಮೇತ ಒಳಗಿಳಿದು ಅಂಗಾತ ಮಲಗಿದ. "ಗಿಡ್ಡ ಮುದುಕಿಗೆ ಇಷ್ಟುದ್ದ ಗುಂಡಿ ಯಾಕೆ? ಇದು ನನಗಿರ್ಲಿ, ಅವಳಿಗೆ ಬೇರೆ ತೋಡ್ಕೊಳ್ಳಿ" ಎಂದ. ಪಾದ್ರಿ ಪುಸ್ತಕ ಮುಚ್ಚಿದರು. ಇದು ಗೇಲಿಯೋ ಅಥವಾ ನಮ್ಮ ಮಾನ ಕಳೆಯಲು ಅಷ್ಟು ದೂರದಿಂದ ಬಂದನೋ ಎಂದು ಎಲ್ಲರೂ ನನ್ನನ್ನೇ ನೋಡಿದರು. ನನಗೆ ಏನು ಗೊತ್ತು? ಗುಂಡಿಯೊಳಗಿಂದ ಮತ್ತೆ ದನಿ ಬಂತು. "ಈ ಹುಂಜ ದಿನಾ ಕೋಳಿ ಕೂಗೋ ಹೊತ್ತಿಗೆ ಎದ್ದು ಕ್ಷಮೆ ಕೇಳುತ್ತೆ. ಸತ್ಯವಾಗ್ಲೂ ನಿದ್ದೆ ಇಲ್ಲ. ಯಾವ ದರಿದ್ರ ಕಳಿಸಿದ್ದು ಇದನ್ನ?"

ಅಲಾಯ್ಸ್, ತಪ್ಪಾಯಿತು ಎಂಬ ಮಾತು ತುಟಿಗೆ ಬಂದಿತ್ತು. ಅದನ್ನು ನುಂಗಿ ಹೇಳಿದೆ: "ಕಳ್ಳರ ಮನೆಗೆ ಕಾವಲಿರ್ಲಿ ಅಂತ ನಾನೇ ಕಳಿಸಿದ್ದು. ಏಳೋ ಹಾಸಿಗೆ ಹೊರೋನೇ, ನಮ್ಮವ್ವನ ಹಾಸಿಗೆ ಬಿಡು."

ಗುಂಡಿಯೊಳಗೇ ಆ ಮುದುಕ ನಕ್ಕ. ಅವನ ನಗೆಯನ್ನು ನಾನು ಕೇಳಿದ್ದು ಅದೇ ಮೊದಲು. ತಕ್ಷಣ ಕಸಾಯಿಯವನು ಒಳಗೆ ಓಡಿ ಅವ್ವನ ಉಡುಬಟ್ಟೆ ಸುತ್ತಿಕೊಂಡು ಬಂದು, ಸೊಂಟಕ್ಕೆ ಕೈಯಿಟ್ಟು ಅವಳ ಹಾಗೆಯೇ ನಡೆದು, "ಮುದ್ದೆ ತಿರುವು ಗಾಲುಸ್" ಎಂದ. ಓಟ್ಮಾರ್ ನಗುತ್ತ ನಗುತ್ತ ನೆಲಕ್ಕೆ ಕೂತು ಅಳತೊಡಗಿದ. ಅವ್ವನನ್ನು ನಗೆಯಲ್ಲೇ ಮಣ್ಣು ಮಾಡಿದೆವು. ಹುಂಜವನ್ನು ಕೊಯ್ದು ಎಲ್ಲರೂ ಒಂದೊಂದು ಚೂರು ತಿಂದೆವು.

ಊಟದ ಹೊತ್ತಿಗೆ ಚೆಂಗುಲಾನ ಪಕ್ಕ ಕೂತು ಕೇಳಿಯೇಬಿಟ್ಟೆ. ಹುಡುಗ ಅಂಗಿ ಎಸೆದಾಗ ನಿನಗೆ ಸಿಟ್ಟು ಬಂದಿತ್ತೋ ಇಲ್ಲವೋ? ಮೂಳೆ ಚೀಪುತ್ತ ಹೇಳಿದ, "ಬಂದಿತ್ತಯ್ಯಾ. ಅದಕ್ಕೇ ಗೇಲಿ ಮಾಡ್ದೆ. ಬರದಿದ್ರೆ ಸುಮ್ನಿರ್ತಿದ್ದೆ." ಹಾಗಾದರೆ ಹುಡುಗನನ್ನು ಇನ್ನು ಆಡಿಸುತ್ತೀಯಾ? "ಮೇಕೆಗೆ ಬೂಟು ಕಟ್ಟೋಕೆ ಬರುತ್ತಾ? ನೋಡೋಣ" ಎಂದ. ಇದರಿಂದ ನನಗೆ ಏನು ಅರ್ಥವಾಯಿತು ಎಂದು ಕೇಳಬೇಡ.

ಓಟ್ಮಾರ್ ಎಲ್ಲವನ್ನೂ ಹೇಳಿದ. ಆವತ್ತಿನಿಂದ ನಿನ್ನ ಮನೆಯ ಚಾಪೆಯ ಮೇಲೆ ಮಲಗುತ್ತಿದ್ದನಂತೆ. ಮಾವನಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದನಂತೆ. ಅಂಗಿ ಎಸೆದದ್ದು ಗೇಲಿಯೋ ಸಿಟ್ಟೋ ಅವನಿಗೇ ಗೊತ್ತಿಲ್ಲವಂತೆ, ಕೈ ಎಸೆಯಿತು ಎನ್ನುತ್ತಾನೆ. ಹುಂಜ ಹೋದ ಮೇಲೆ ಚೆಂಗುಲಾ ಇಡೀ ತಂಡದ ಮುಂದೆ, "ಶ್ರೀಮಾನ್ ಗಾಮಾ ಅವರೇ, ದಯವಿಟ್ಟು ಓಡುವಿರಾ?" ಎನ್ನುತ್ತಿದ್ದನಂತೆ. ಹುಡುಗರು ಹೆದರಿ ಅವನ ಪಕ್ಕ ಕೂರುವುದನ್ನೇ ಬಿಟ್ಟರಂತೆ. ತೊಡೆನೋವು ಸುಳ್ಳು.

ಇದನ್ನೆಲ್ಲ ನೀನು ನನಗೆ ಬರೆಯಲಿಲ್ಲ. ಬರೆದಿದ್ದರೆ ಹುಂಜ ಹೋಗುತ್ತಿರಲಿಲ್ಲ. ಹಾಗಂತ ನಿನ್ನ ಮೇಲೆ ಹೊರಿಸಲೇ ಎಂದರೆ, ಬೀಗ ಹಾಕು ಎಂದು ನೀನು ಹೇಳಿದ್ದೆ, ತೆಗೆದವನು ನಾನು.

ನಿನಗೆ ತಾವು ಎಂದು ಬರೆದೆ. ಅದಕ್ಕೆ ಈಗ ಕ್ಷಮೆ ಕೇಳುವ ಹಾಗೂ ಇಲ್ಲ, ಕೇಳಿದರೆ ಮತ್ತೆ ಅದೇ ತಪ್ಪು. ದಾರಿ ಕಾಣದು. ಆಗುವುದಾದರೆ ನನ್ನನ್ನು ಬೈದು ಒಂದು ಕಾಗದ ಬರೆ. ಉದ್ದ ಬೇಡ. ಎರಡು ಸಾಲು ಸಾಕು.

ಗಾಲುಸ್


ದಾರ್ ಎಸ್ ಸಲಾಮ್
೯ ಆಗಸ್ಟ್ ೧೯೯೪

ಹುಂಜದ ಮೂಲಕ ಮಾತಾಡುವ, ಹುಂಜಕ್ಕಿಂತ ಕಡಿಮೆ ಬುದ್ಧಿಯ, ಬೈಗುಳವನ್ನೂ ಬೇಡಿ ತಿನ್ನುವ ಭಿಕಾರಿ, ಅಳತೆ ತೆಗೆದ ಮೇಲೂ ಒಂದು ಕಾಲು ಗಿಡ್ಡ ಹೊಲಿಯುವ ದರ್ಜಿ, ನಮ್ಮ ಮನೆತನ ಸಾಕಿದ ಗುಲಾಮರಲ್ಲೇ ಅತಿ ದುಬಾರಿ ಗುಲಾಮ ಗಾಲುಸ್‌ಗೆ,

ಎರಡು ಸಾಲು ಕೇಳಿದ್ದೆ. ನಾಲ್ಕು ಕೊಟ್ಟಿದ್ದೇನೆ. ನಿನ್ನ ಹುರುಳಿಕಾಳಿನ ಬಾಕಿ ಚುಕ್ತಾ.

ತಂತಿಯ ವಿಷಯ. ನಿನ್ನ ಮೇಲಿನ ಉರಿಯಲ್ಲಿ ಆ ಸಂತಾಪ ಕಳಿಸಿದೆ. ಕೌಂಟರಿನ ಹೆಂಗಸು ಓದಿ, "ಬಹಳ ಚೆನ್ನಾಗಿ ಬರೆದಿದ್ದೀರಿ" ಎಂದಳು. ಮನೆಗೆ ಬಂದರೆ ಓಟ್ಮಾರ್ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದ. "ಮಾವ, ನೀವೂ ಬರಲ್ವಾ? ಅಜ್ಜಿ ಮುಂದೆ ಗೇಲಿ ಮಾಡೋರು ಯಾರು?" ಎಂದ. ಅಂಚೆ ಕಚೇರಿಗೆ ಓಡಿದೆ, ತಂತಿ ಹೋಗಿಯಾಗಿತ್ತು. ಸಂತಾಪ ಹೇಳಿದ ಬಾಯಲ್ಲಿ ನಾನು ಹೇಗೆ ಬರಲಿ? ಅದಕ್ಕೇ ಚೆಂಗುಲಾನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ಮುದುಕಾ, ಮೇಕೆಯ ಅಜ್ಜಿ ಸತ್ತಳು, ಹುಂಜ ಹಿಡ್ಕೊಂಡು ಹೊರಡು ಎಂದೆ. ಒದೆಯುತ್ತಾನೆ ಎಂದುಕೊಂಡೆ. ಒಳಗೆ ಹೋಗಿ ಬುಟ್ಟಿ ತಂದ.

ಅವ್ವನ ನಲವತ್ತನೆಯ ದಿನಕ್ಕೆ ನಾನೇ ಬರುತ್ತೇನೆ. ಆ ಹೆಣ್ಣುಮಗಳ ಬಗ್ಗೆ ಹೇಳಬೇಕಾದ ಕೆಟ್ಟ ಮಾತುಗಳು ನನ್ನಲ್ಲಿ ಬಹಳ ಉಳಿದಿವೆ. ಕಣ್ಣೀರು ಒರೆಸಲು ಬಟ್ಟೆಯ ತುಂಡುಗಳನ್ನು ತೆಗೆದಿಡು, ನನಗೆ.

ಈಗ ಶನಿವಾರದ ಆಟ. ರೇಡಿಯೋದಲ್ಲಿ ಕೇಳಿರುತ್ತೀಯ, ಆದರೆ ರೇಡಿಯೋಗೆ ಕಣ್ಣಿಲ್ಲ. ಕೊನೆಯ ಹೊತ್ತಿನ ತನಕ ಚೆಂಗುಲಾ ಓಟ್ಮಾರನನ್ನು ಕೂರಿಸಿಯೇ ಇಟ್ಟಿದ್ದ. ನಮ್ಮ ಕಾಫಿ ಬೆಂಚಿನವರು ಅವನ ಮನೆತನವನ್ನು ಜಾಲಾಡಿದರು, ಅವರೊಳಗೆ ಗೇಲಿನಂಟರಲ್ಲದವರೂ ಇದ್ದರು. ಕಡೆಗೆ ಎಬ್ಬಿಸಿ ಒಳಗೆ ಕಳಿಸಿದ. ಬಂದ ಎರಡನೇ ಚೆಂಡಿಗೇ ಹುಡುಗ ಗೋಲು ಹೊಡೆದ. ಹೊಡೆದವನು ಜನರ ಕಡೆ ಓಡಲಿಲ್ಲ, ಕೋಚ್ ಕಡೆ ಓಡಿದ, ಅವನ ಟೋಪಿ ಕಿತ್ತು ತಾನು ಹಾಕಿಕೊಂಡು ಮೈದಾನದಲ್ಲಿ ಮುದುಕನ ಹಾಗೆ ಕುಂಟಿಕೊಂಡು ನಡೆದ. ಚೆಂಗುಲಾ ತಕ್ಷಣ ಅವನನ್ನು ಹೊರಗೆಳೆದುಕೊಂಡ. ಮೈಕಿನ ಮುಂದೆ, "ಅದು ಗೋಲಲ್ಲ, ಅಪಘಾತ. ಈ ಮೇಕೇನ ನಾಳೆ ಸಂತೇಲಿ ಮಾರ್ತೀನಿ" ಎಂದ.

ಭಾನುವಾರದ ಪತ್ರಿಕೆ: "ಚಿರತೆ ಬೋನಿನಲ್ಲಿ ಮತ್ತೆ ಬಿರುಕು". ಇನ್ನೊಂದು: "ಬಿರುಕಿಲ್ಲ". ಶೋಮರಿಯ ಬೆಂಚಿನಲ್ಲಿ ಈ ತುದಿಯವರು ಆ ತುದಿಗೂ ಆ ತುದಿಯವರು ಈ ತುದಿಗೂ ಹೋಗಿದ್ದಾರೆ. ನಾನು ಮಧ್ಯದಲ್ಲಿ ಕೂತಿದ್ದೇನೆ, ಅಲ್ಲಿ ಬೆಂಚು ತಗ್ಗು. ನನಗಂತೂ ಇನ್ನೂ ತಿಳಿದಿಲ್ಲ ಗಾಲುಸ್. ಚೆಂಗುಲಾನಿಗೂ ತಿಳಿದಿದೆಯೋ ಇಲ್ಲವೋ.

ಆ ಸಂಜೆ ಓಟ್ಮಾರ್ ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯದೆ ಯೋಚಿಸುತ್ತಿದ್ದ.

"ಮಾವ, ಅವರು ನಿಜವಾಗ್ಲೂ ಮಾರ್ತಾರಾ?"

"ನಿನಗೆ ಏನಂತ ಕರೆದ? ಶ್ರೀಮಾನ್ ಗಾಮಾ ಅವರೇ ಅಂದನಾ?"

"ಇಲ್ಲ. ಮೇಕೆ ಅಂದ್ರು."

"ಹಾಗಾದ್ರೆ ಉಣ್ಣು" ಎಂದೆ.

ನಿನ್ನ ಒಡೆಯ,
ಅಲಾಯ್ಸ್ ಕಿಕೋಟಿ